ಮಿದುಳಿನ ಚಿತ್ರ, ವಯಸ್ಸು ಮತ್ತು ತಪ್ಪಿದ ನನ್ನ ಲೆಕ್ಕ

ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಸಂಖ್ಯಾಶಾಸ್ತ್ರದ ಅಭ್ಯಾಸ ಪಾಠ. ಸರಾಸರಿ ಬೇಸರ ತರಬಾರದೆಂದು ಮಿದುಳಿನ ಎಂಆರ್‌ಐ ಉದಾಹರಣೆ ಆರಿಸಿಕೊಂಡೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಆಲ್ಝೈಮರ್ ಕಾಯಿಲೆಯಲ್ಲಿ ಕುಗ್ಗುತ್ತದೆ. ನಾನೇ ಕಲ್ಪಿಸಿದ ಅಂಕಿಗಳನ್ನು ಹಲಗೆಗೆ ಬರೆದೆ: 50, 60, 70 ವರ್ಷದ ಆರೋಗ್ಯವಂತರಲ್ಲಿ ಅದರ ಗಾತ್ರ 7.0, 6.8, 6.6 ಘನ ಸೆಂಟಿಮೀಟರ್. 60, 70, 80 ವರ್ಷದ ರೋಗಿಗಳಲ್ಲಿ 6.5, 6.3, 6.1. ಸರಾಸರಿ 6.8 ಮತ್ತು 6.3. ‘ರೋಗದಿಂದ ಆದ ನಷ್ಟ 0.5’ ಎಂದು ಬರೆದು ಅಡಿಗೆರೆಯನ್ನೂ ಎಳೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. “ಸರ್, ರೋಗದವರು ಮೊದಲೇ ವಯಸ್ಸಾದವರು ಅದಾರಲ್ರಿ?”

“ನಾಳೆ ಹೇಳ್ತೀನಿ” ಎಂದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮರುದಿನ ಮಕ್ಕಳಿಂದಲೇ ಒಂದೇ ವಯಸ್ಸಿನವರನ್ನು ಹೋಲಿಸಿಸಿದೆ. 60ರಲ್ಲಿ ವ್ಯತ್ಯಾಸ 0.3, 70ರಲ್ಲೂ 0.3. ಉಳಿದ 0.2 ವಯಸ್ಸಿನದು. ಇದನ್ನೇ ಮಾದರಿಯಾಗಿ ಬರೆದರೆ: ಗಾತ್ರ = ಸ್ಥಿರಾಂಕ + ಗುಂಪಿನ ಪರಿಣಾಮ + ವಯಸ್ಸಿನ ಪರಿಣಾಮ. ಹೀಗೆ ಜೊತೆಗೆ ಸೇರಿಸುವ ವಯಸ್ಸಿನಂಥ ಅಂಶವೇ ಕೋವೇರಿಯೇಟ್. ನಕ್ಷೆಯಲ್ಲಿ ಎರಡು ಸಮಾಂತರ ರೇಖೆಗಳು ಬಂದವು. ಸಮಾಂತರವಾಗಿರದೆ ರೋಗಿಗಳ ರೇಖೆ ಬೇಗ ಇಳಿದಿದ್ದರೆ ಈ ಮಾದರಿ ಸಾಲದು. ಗುಂಪು ಮತ್ತು ವಯಸ್ಸಿನ ಗುಣಲಬ್ಧವನ್ನೂ ಸೇರಿಸಬೇಕು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದೆ. ಎಂಆರ್‌ಐ ಕೂಡ ಅದರ ಭಾಗ. ಇಂಥ ದತ್ತಾಂಶಕ್ಕೆ ವಯಸ್ಸು, ಲಿಂಗ, ತಲೆಬುರುಡೆಯ ಒಳಗಾತ್ರ ಇವನ್ನು ಕೋವೇರಿಯೇಟ್‌ಗಳಾಗಿ ಸೇರಿಸುವುದು ವಾಡಿಕೆ. ದೊಡ್ಡ ತಲೆಯವರ ಮಿದುಳೂ ದೊಡ್ಡದೇ ತಾನೆ!

“ರೋಗಿಗಳೆಲ್ಲ 80, ಉಳಿದವರೆಲ್ಲ 50 ಇದ್ದರ?” ಎಂದು ಒಬ್ಬ ಕೇಳಿದ. ನಾನು ಹೊಲಕ್ಕೆ ಹೋದೆ. ಸಿಂಧನೂರಿನ ಕಾಲುವೆ ನೀರಿನ ಹೊಲಗಳಿಗೆಲ್ಲ ಹೊಸ ಬೀಜದ ಜೋಳ, ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳಿಗೆಲ್ಲ ಹಳೆಯ ಬೀಜ ಬಿತ್ತಿದೆವು ಎನ್ನೋಣ. ಹೆಚ್ಚಿನ ಇಳುವರಿ ಬೀಜದ್ದೋ ನೀರಿನದೋ? “ಹೇಳಾಕ ಬರಂಗಿಲ್ರಿ” ಎಂದರು. ಸಮೀಕರಣವೂ ಇವೆರಡನ್ನು ಬೇರ್ಪಡಿಸಲಾರದು. ಎರಡೂ ಕಡೆ ಎರಡೂ ಬೀಜ ಬಿತ್ತಲೇಬೇಕು.

ಕೊನೆಗೆ ಅದೇ ಹುಡುಗಿ, ನೆನಪಿನ ಪರೀಕ್ಷೆಯ ಅಂಕವನ್ನೂ ಸೇರಿಸಬಹುದೇ ಎಂದಳು. ಬೇಡ ಎಂದೆ: ನೆನಪು ಕುಗ್ಗಿದ್ದು ಅದೇ ರೋಗದಿಂದ, ಅದನ್ನು ಕಳೆದರೆ ನಾವು ಹುಡುಕುವ ವ್ಯತ್ಯಾಸವೇ ಕಳೆದುಹೋಗುತ್ತದೆ. ಈ ಸಲ ನಾಳೆ ಎನ್ನಬೇಕಾಗಲಿಲ್ಲ.