ನಿಂತ ಕಾರಿಗೂ ವಿಮೆ ಬೇಕು

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕಕ್ಕೆ ಹೊರಟಾಗ ಕಾರಿನ ವಿಮೆ ಮುಗಿಯಲು ಒಂದು ತಿಂಗಳಿತ್ತು. ಮನೆ ಮುಂದೆ ಹೊದಿಕೆ ಹೊದ್ದು ನಿಂತಿರುವ ಕಾರಿಗೆ ಯಾಕೆ ದುಡ್ಡು ಕಟ್ಟಬೇಕು, ಬಂದ ಮೇಲೆ ನೋಡಿದರಾಯಿತು ಎಂದುಕೊಂಡೆ. ಹೀಗೆ ಐದು ತಿಂಗಳು ಪಾಲಿಸಿಯೇ ಇರಲಿಲ್ಲ.

ಇದರಿಂದ ಎಷ್ಟು ಉಳಿಯಿತು? ಸ್ವಂತ ಕಾರಿಗಾಗುವ ಹಾನಿಯ (ಓಡಿ) ಪ್ರೀಮಿಯಂ 14,000. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ (ನೋ ಕ್ಲೇಮ್ ಬೋನಸ್, ಎನ್‌ಸಿಬಿ) 50% ಇದ್ದುದರಿಂದ ನಾನು ಕಟ್ಟಬೇಕಿದ್ದದ್ದು 7,000. ಬೇರೆಯವರಿಗಾಗುವ ಹಾನಿಯ (ಥರ್ಡ್ ಪಾರ್ಟಿ) ಪ್ರೀಮಿಯಂ 3,416. ಮೇಲೆ 18% ಜಿಎಸ್‌ಟಿ. ಒಟ್ಟು 12,291. ಐದು ತಿಂಗಳ ಲೆಕ್ಕಕ್ಕೆ ಸುಮಾರು 5,100 ರೂಪಾಯಿ.

ಈಗ ಕಳೆದುಕೊಂಡದ್ದನ್ನು ನೋಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಸೊನ್ನೆ. ಈ ವರ್ಷ ಪೂರ್ತಿ 14,000 ಕಟ್ಟಿದೆ. ಕ್ಲೇಮ್ ಮಾಡದಿದ್ದರೆ ಮುಂದೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು: 11,200, 10,500, 9,100, 7,700. ಆರನೇ ವರ್ಷಕ್ಕೆ ಮತ್ತೆ 7,000. ಪ್ರತಿ ವರ್ಷದ ಹೆಚ್ಚುವರಿ ಕೂಡಿಸಿದರೆ 7,000, 4,200, 3,500, 2,100, 700, ಅಂದರೆ 17,500. ಜಿಎಸ್‌ಟಿ ಸೇರಿ 20,650. ಕಾರಿನ ವಿಮಾ ಮೌಲ್ಯ (ಐಡಿವಿ) ಇಳಿಯುತ್ತಾ ಹೋಗುವುದರಿಂದ ಒಂದಿಷ್ಟು ಕಡಿಮೆಯಾದೀತು. ಆದರೂ ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಸಾಲದ್ದಕ್ಕೆ, ಹೊಸ ಪಾಲಿಸಿಗೆ ಮುನ್ನ ಕಾರು ತಪಾಸಣೆಗೆ ಬಂದವರು ಕೀ ಕಳೆದರೆ ಒಂದು ಕವರ್, ಬ್ಯಾಗ್ ಕಳೆದರೆ ಇನ್ನೊಂದು ಎಂದು ಸೇರಿಸತೊಡಗಿದರು. ಹಳೇ ಕಾರಿಗೆ ಇವೆಲ್ಲ ಯಾತಕ್ಕೆ? ಜೇಬಿನಿಂದಲೇ ಭರಿಸಬಹುದಾದ ನಷ್ಟಕ್ಕೆ ವರ್ಷವರ್ಷ ಪ್ರೀಮಿಯಂ ಕಟ್ಟುವುದು ಶುದ್ಧ ದಂಡ. ಬೇಡವೇ ಬೇಡ ಎಂದೆ.

ದುಡ್ಡಿಗಿಂತ ಹೆಚ್ಚಾಗಿ ನನ್ನ ನಿದ್ದೆ ಕೆಡಿಸಿದ್ದು ಬೇರೆ. ನಮ್ಮ ಬೀದಿ ಇಳಿಜಾರು. ಹ್ಯಾಂಡ್‌ಬ್ರೇಕ್ ಸಡಿಲವಾಗಿ ಕಾರು ಉರುಳಿ, ಶಾಲೆಯಿಂದ ಬರುವ ಮಗುವಿಗೆ ಬಡಿದಿದ್ದರೆ? ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸಲು ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಎನ್ನುತ್ತದೆ. ನಿಂತ ವಾಹನವೂ ಬಳಕೆಯಲ್ಲಿರಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ, ಉರುಳಿಬಿದ್ದಿದ್ದ ಟ್ಯಾಂಕರ್‌ನ ಪ್ರಕರಣದಲ್ಲಿ ಹೇಳಿದೆ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಪರಿಹಾರದ ಮೊತ್ತವಂತೂ ಮನೆಯನ್ನೇ ಮಾರಿಸಬಹುದು.

ಹಾಲಿನ ಲೆಕ್ಕ, ಚೀಟಿ ಕಂತು ತಪ್ಪದೆ ನೆನಪಿಡುವ ನಾವು ಪಾಲಿಸಿ ಮುಗಿಯುವ ದಿನವನ್ನು ಮಾತ್ರ ಏಜೆಂಟರ ಫೋನಿಗೆ ಬಿಟ್ಟುಬಿಡುತ್ತೇವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊರಿಗೆ ಹೊರಡುವ ಮುನ್ನವೇ ಕಟ್ಟಿ.

ಎದುರು ಮನೆಯ ಭಾವಯ್ಯ ಮಗನ ಬಳಿ ಎರಡು ವರ್ಷ ಇರಲು ಹೊರಟಿದ್ದಾರೆ. ಕಾರು ಮಾರಿಬಿಡಿ, ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದಿಟ್ಟುಕೊಳ್ಳಿ, ಮೂರು ವರ್ಷ ಊರ್ಜಿತವಾಗಿರುತ್ತದೆ ಎಂದೆ. ನಿನ್ನೆ ಪತ್ರ ತಂದು ತೋರಿಸಿದರು.