ಪೆಟ್ರೋಲ್ ಎಂಜಿನ್ ಕಪ್ಪು ಹೊಗೆ ಬಿಟ್ಟರೆ: ಕಾರಣ ಮತ್ತು ಪರಿಹಾರ

ನೀರೆತ್ತುವ ಪಂಪು, ಕಳೆ ತೆಗೆಯುವ ಯಂತ್ರ ಮುಂತಾದವುಗಳಲ್ಲಿ ಸಣ್ಣ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗಳ ಬಳಕೆ ಹೆಚ್ಚಾಗಿದೆ. ಇಂತಹ ಎಂಜಿನ್ ಕಪ್ಪು ಹೊಗೆ ಬಿಡುತ್ತ, ಹೆಚ್ಚು ಪೆಟ್ರೋಲ್ ಕುಡಿದು ಕಡಿಮೆ ಕೆಲಸ ಮಾಡಿದರೆ, ಅದು ಹಳತಾಯಿತೆಂದು ಕೆಲವರು ತಿಳಿಯುತ್ತಾರೆ. ಇನ್ನು ಕೆಲವರು ಕೂಡಲೇ ಕಾರ್ಬ್ಯುರೇಟರಿನ ತಿರುಪುಗಳನ್ನು ತಿರುಗಿಸುತ್ತಾರೆ. ಎರಡೂ ಸರಿಯಲ್ಲ. ಮೊದಲು ಗಾಳಿ ಬರುವ ದಾರಿಯನ್ನು ನೋಡಬೇಕು.

ಕಪ್ಪು ಹೊಗೆ ಏಕೆ?

ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಗಾಳಿ ಕಡಿಮೆಯಾದರೆ ಅಥವಾ ಪೆಟ್ರೋಲ್ ಹೆಚ್ಚಾದರೆ ಮಿಶ್ರಣ ಗಾಢವಾಗುತ್ತದೆ. ಆಗ ಪೆಟ್ರೋಲ್ ಅರೆಬರೆ ಉರಿದು ಮಸಿಯಾಗುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ಎಂಜಿನ್ ಎಣ್ಣೆ ತೆಳುವಾಗಿ ಪಿಸ್ಟನ್ ಉಂಗುರಗಳು ಬೇಗ ಸವೆಯುತ್ತವೆ.

ಗುರುತಿಸುವುದು ಹೇಗೆ?

ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ಅದು ಬೇರೆ ದೋಷ. ಕಪ್ಪು ಹೊಗೆಯಾದರೆ ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯನ್ನು ನೋಡಬೇಕು.

ತಿಳಿ ಕಂದು ಬಣ್ಣ: ಮಿಶ್ರಣ ಸರಿಯಾಗಿದೆ.
ಒಣ ಕಪ್ಪು ಮಸಿ: ಮಿಶ್ರಣ ಗಾಢವಾಗಿದೆ.
ಜಿಡ್ಡಾದ ಕಪ್ಪು: ಎಣ್ಣೆ ಮೇಲೇರುತ್ತಿದೆ.
ಬಿಳಿಚಿದ ಬಣ್ಣ: ಪೆಟ್ರೋಲ್ ಕಡಿಮೆಯಾಗಿದೆ ಅಥವಾ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಎಣ್ಣೆ ಅಳತೆಯ ಕಡ್ಡಿಯನ್ನೂ ಮೂಸಿ ನೋಡಬೇಕು. ಪೆಟ್ರೋಲ್ ವಾಸನೆ ಇದ್ದು, ಎಣ್ಣೆಯ ಮಟ್ಟ ಮೇಲೇರಿದ್ದರೆ ಎಂಜಿನ್ ಓಡಿಸಬಾರದು.

ಸರಿಪಡಿಸುವ ಕ್ರಮ

ಇಂಧನದ ನಲ್ಲಿ ಮುಚ್ಚಿ, ಬಯಲಿನಲ್ಲಿ ಕೆಲಸ ಮಾಡಬೇಕು. ಬೀಡಿ, ಬೆಂಕಿ ಹತ್ತಿರ ಇರಬಾರದು.

1. ಚೋಕ್: ಎಂಜಿನ್ ಕಾದ ಮೇಲೂ ಚೋಕ್ ಹಾಕಿಯೇ ಇರುವುದು ಸಾಮಾನ್ಯ ತಪ್ಪು. ಸನ್ನೆ ಸರಿಸಿದಾಗ ಒಳಗಿನ ತಗಡು ಪೂರ್ತಿ ತೆರೆಯುವುದೇ ಎಂದು ಕಣ್ಣಾರೆ ನೋಡಬೇಕು.

2. ಗಾಳಿ ಶೋಧಕ: ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಶುದ್ಧ ಎಂಜಿನ್ ಎಣ್ಣೆಯಲ್ಲಿ ಅದ್ದಿ ಚೆನ್ನಾಗಿ ಹಿಂಡಬೇಕು. ಎಣ್ಣೆ ಹೆಚ್ಚಾಗಿ ಉಳಿದರೂ ಗಾಳಿ ತಡೆಯುತ್ತದೆ. ಕಾಗದದ್ದಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು. ತೊಳೆಯಬಾರದು, ಎಣ್ಣೆ ಹಚ್ಚಬಾರದು. ಧೂಳಿಲ್ಲದ ಕಡೆ ಶೋಧಕ ತೆಗೆದು ಒಂದು ನಿಮಿಷ ಓಡಿಸಿದಾಗ ಹೊಗೆ ನಿಂತರೆ ದೋಷ ಶೋಧಕದ್ದೇ. ಆದರೆ ಶೋಧಕವಿಲ್ಲದೆ ಹೊಲದಲ್ಲಿ ಎಂದೂ ಓಡಿಸಬಾರದು.

3. ಫ್ಲೋಟ್ ಮತ್ತು ಸೂಜಿ: ಎಂಜಿನ್ ಓಡುತ್ತಿರುವಾಗ ಇಂಧನದ ನಲ್ಲಿ ಮುಚ್ಚಬೇಕು. ನಿಲ್ಲುವ ಮುನ್ನ ಸ್ವಲ್ಪ ಹೊತ್ತು ಹೊಗೆ ಕಡಿಮೆಯಾಗಿ ಚೆನ್ನಾಗಿ ಓಡಿದರೆ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಹೆಚ್ಚು ನಿಲ್ಲುತ್ತಿದೆ ಎಂದು ಶಂಕಿಸಬಹುದು. ಬಟ್ಟಲು ಬಿಚ್ಚಿ ಸೂಜಿಯ ಕಸ ತೆಗೆಯಬೇಕು. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ಅದು ತೂತಾಗಿದೆ, ಬದಲಾಯಿಸಬೇಕು.

4. ಜೆಟ್: ಇದು ಕೊನೆಯ ಹೆಜ್ಜೆ. ಜೆಟ್ಟಿನ ರಂಧ್ರಕ್ಕೆ ತಂತಿ ಚುಚ್ಚಬಾರದು. ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣ ಕಾಯಂ ಆಗಿ ಗಾಢವಾಗುತ್ತದೆ. ಗಾಳಿ ಊದಿ ಸ್ವಚ್ಛ ಮಾಡಬೇಕು. ಸವೆದಿದ್ದರೆ ಅದೇ ಅಳತೆಯ ಹೊಸ ಜೆಟ್ ಹಾಕಿಸಬೇಕು.

ಕೊಡಗು, ಚಿಕ್ಕಮಗಳೂರಿನಂತಹ ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಮಿಶ್ರಣ ತಾನಾಗಿಯೇ ಗಾಢವಾಗುತ್ತದೆ. ಅಲ್ಲಿ ಬೇರೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಮಾರಾಟಗಾರರಿಂದ ಚಿಕ್ಕ ಜೆಟ್ ಹಾಕಿಸಬಹುದು. ಯಂತ್ರವನ್ನು ಬಯಲುಸೀಮೆಗೆ ತಂದಾಗ ಮತ್ತೆ ಮೊದಲಿನ ಜೆಟ್ಟೇ ಇರಬೇಕು. ಇಲ್ಲದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತದೆ.

ದುರಸ್ತಿಯ ನಂತರ

ಪೆಟ್ರೋಲ್ ಬೆರೆತ ಎಣ್ಣೆಯನ್ನು ಬದಲಾಯಿಸಬೇಕು. ಪ್ಲಗ್ಗಿನ ಮಸಿ ತೆಗೆದು, ಅಂತರವನ್ನು ಕೈಪಿಡಿಯಲ್ಲಿ ಹೇಳಿದಷ್ಟು, ಅನೇಕ ಸಣ್ಣ ಎಂಜಿನ್‌ಗಳಲ್ಲಿ 0.7ರಿಂದ 0.8 ಮಿಲಿಮೀಟರ್, ಇಡಬೇಕು. ಕೆಲವು ಗಂಟೆ ಕೆಲಸ ಮಾಡಿದ ಮೇಲೆ ಪ್ಲಗ್ ಮತ್ತೆ ನೋಡಬೇಕು. ತಿಳಿ ಕಂದು ಬಣ್ಣ ಬಂದಿದ್ದರೆ ದೋಷ ನೀಗಿದೆ.

ಪ್ರಾಣಕ್ಕೆ ಅಪಾಯ

ಗಾಢ ಮಿಶ್ರಣದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪಂಪು ಸುಮಾರು 7 ಮೀಟರಿಗಿಂತ ಆಳದ ನೀರನ್ನು ಹೀರಲಾರದೆಂದು ಎಂಜಿನ್ನನ್ನೇ ಬಾವಿಯೊಳಗೆ ಇಳಿಸುವುದುಂಟು. ಹಾಗೆ ಎಂದೂ ಮಾಡಬಾರದು. ಬಾವಿಯಲ್ಲಿ ಅನಿಲ ತುಂಬಿಕೊಂಡು, ಇಳಿದವರು ಕ್ಷಣದಲ್ಲಿ ಪ್ರಜ್ಞೆ ತಪ್ಪಬಹುದು. ಅವರನ್ನು ಎತ್ತಲು ಹಾಗೆಯೇ ಇಳಿದವರಿಗೂ ಅದೇ ಗತಿ. ಅಗ್ನಿಶಾಮಕ ದಳವನ್ನು ಕರೆಯಬೇಕು. ಮುಚ್ಚಿದ ಪಂಪಿನ ಮನೆಯಲ್ಲೂ ಎಂಜಿನ್ ಓಡಿಸಬಾರದು. ಆಳದ ಬಾವಿಗೆ ವಿದ್ಯುತ್ ಸಬ್‌ಮರ್ಸಿಬಲ್ ಪಂಪು ಸೂಕ್ತ.

ಧೂಳಿನ ಹೊಲದಲ್ಲಿ ಕೆಲಸವಿರುವಾಗ ಶೋಧಕವನ್ನು ದಿನವೂ ನೋಡುವ ರೂಢಿ ಇಟ್ಟುಕೊಂಡರೆ ಪೆಟ್ರೋಲ್ ಉಳಿಯುತ್ತದೆ, ಎಂಜಿನ್ ಬಾಳಿಕೆ ಬರುತ್ತದೆ.