ಪರದೇಶದಲ್ಲಿ ಇಂಗ್ಲಿಷ್ ಬೋಧನೆ: ಸ್ನಾತಕೋತ್ತರ ಪದವಿಯ ಬೆಲೆ

1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಕರ್ನೂಲು ಜಿಲ್ಲೆಯನ್ನು ಸೇರಿದವು. ಅಲ್ಲಿನ ಕನ್ನಡ ಮನೆಗಳ ಮಕ್ಕಳು ಕನ್ನಡ, ತೆಲುಗು, ಇಂಗ್ಲಿಷ್ ಮೂರರ ನಡುವೆ ಬೆಳೆಯುತ್ತಾರೆ. ಅವರಲ್ಲೊಬ್ಬರು ಪರದೇಶದಲ್ಲಿ ಇಂಗ್ಲಿಷ್ ಕಲಿಸಬಯಸಿದರೆ, ವಿದೇಶಿ ಅಥವಾ ಆನ್‌ಲೈನ್ ಎಂ.ಎ. ನೆರವಾಗುವುದೇ?

ಮೊದಲು ನೋಡಬೇಕಾದುದು ಮಾನ್ಯತೆ. 2020ರ ಯುಜಿಸಿ ನಿಯಮಾವಳಿಯಂತೆ, ಅನುಮತಿ ಪಡೆದ ವಿಶ್ವವಿದ್ಯಾನಿಲಯದ ಆನ್‌ಲೈನ್ ಪದವಿ ಭಾರತದಲ್ಲಿ ತರಗತಿಯ ಪದವಿಗೆ ಸಮಾನ. ಆದರೆ ಈ ನಿಯಮ ಬೇರೆ ದೇಶವನ್ನು ಕಟ್ಟಿಹಾಕದು. ಅಲ್ಲಿನ ಸರ್ಕಾರ ವ್ಯಾಸಂಗದ ವಿಧಾನವನ್ನೂ ಪ್ರಶ್ನಿಸಬಹುದು.

ಎರಡನೆಯದು ಪೌರತ್ವ. ದಕ್ಷಿಣ ಕೊರಿಯಾದ ಭಾಷಾಬೋಧಕ ವೀಸಾ ಮುಖ್ಯವಾಗಿ ಇಂಗ್ಲಿಷ್ ಮಾತೃಭಾಷೆಯ ಏಳು ದೇಶಗಳ ಪ್ರಜೆಗಳಿಗೆ ದೊರೆಯುತ್ತದೆ. ಇಂತಹ ಅಡ್ಡಿಯನ್ನು ಎಂ.ಎ. ಒಂದೇ ನಿವಾರಿಸದು.

ಮೂರನೆಯದು ಬೋಧನಾಭ್ಯಾಸ. ಕೇಂಬ್ರಿಜ್‌ನ ಸೆಲ್ಟಾ ಪ್ರಮಾಣಪತ್ರಕ್ಕೆ ಆರು ಗಂಟೆಗಳ ಪಾಠವನ್ನು ಪರಿವೀಕ್ಷಕರೆದುರು ಮಾಡಲೇಬೇಕು. ಬರಿಯ ಓದಿನ ಎಂ.ಎ.ಯಲ್ಲಿ ಈ ಪರೀಕ್ಷೆಯಿಲ್ಲ.

ಭಾಷಾಧ್ಯಯನದ ವಿದ್ಯಾರ್ಥಿಗೆ ಒಂದು ಅನುಕೂಲವುಂಟು. ಕನ್ನಡದಂತೆ ಜಪಾನಿ, ತುರ್ಕಿ ಭಾಷೆಗಳಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃವನ್ನು ಹಿಂಬಾಲಿಸುತ್ತದೆ. ಆ ತೊಡಕನ್ನು ಸ್ವತಃ ದಾಟಿದವರು ಕಲಿಯುವವರ ತಪ್ಪಿನ ಮೂಲವನ್ನು ಬೇಗ ಗುರುತಿಸಬಲ್ಲರು. ಇದನ್ನು ಬೋಧನಾ ತರಬೇತಿಯಿಂದ ಹರಿತಗೊಳಿಸಿಕೊಂಡ ಮೇಲೆ ಎಂ.ಎ. ಬಡ್ತಿಗೂ ಕಾಲೇಜು ಹುದ್ದೆಗೂ ಮೆಟ್ಟಿಲಾಗಬಹುದು.

ಆದುದರಿಂದ ಹೊಲ ಒತ್ತೆಯಿಟ್ಟು ಶುಲ್ಕ ಕಟ್ಟುವ ಮುನ್ನ, ಹೋಗಬೇಕೆಂದಿರುವ ದೇಶದ ವೀಸಾ ನಿಯಮವನ್ನೂ ಪದವಿಯ ಮಾನ್ಯತೆಯನ್ನೂ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ವಿವೇಕ.